ದಿನಾ ಶನಿವಾರ ಎನ್ನುವ ಸ್ವಿಚ್ಚು

ದೂರವಿರುವ ಹೆಂಡತಿಯನ್ನು ನೆನೆಯಲು ಗಂಡಸರಿಗೆ ಒಂದೊಂದು ದಾರಿ. ಕೆಲವರು ಹಾಡು ಕೇಳುತ್ತಾರೆ, ಕೆಲವರು ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಮೂಸುತ್ತಾರೆ. ನಾನು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳುವ ಮಾಸ್ತರ. ನನ್ನ ವಿರಹ ಕಂಪ್ಯೂಟರಿನಲ್ಲಿ ಬಯಲಾಯಿತು, ಅದೂ ತುಂಬಿದ ಕ್ಲಾಸಿನಲ್ಲಿ.

ನನ್ನಾಕೆ ಶೈಲಾಳಿಗೆ ಮುಂಡರಗಿಯ ಆಚೆಯ ಹಳ್ಳಿಯೊಂದರ ಹೈಸ್ಕೂಲಿಗೆ ವರ್ಗವಾಗಿದೆ. ಪರದೇಶವೇನಲ್ಲ. ಆದರೆ ಗದಗಿನಿಂದ ಹೊರಟ ಬೆಳಗಿನ ಬಸ್ಸು ಆ ಹಳ್ಳಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮೊದಲ ಪಿರಿಯಡ್ಡೂ ಅರ್ಧವಾಗಿರುತ್ತದೆ. ಹೀಗಾಗಿ ಅಲ್ಲೇ ಒಂದು ಕೋಣೆ ಹಿಡಿದಿದ್ದಾಳೆ. ಶನಿವಾರದ ಮುಂಜಾನೆ ಶಾಲೆ ಮುಗಿಸಿ ಬಂದವಳು ರವಿವಾರ ಸಂಜೆ ಹೊರಟುಬಿಡುತ್ತಾಳೆ. ನಮ್ಮದು ಬೆಟಗೇರಿಯ ನೇಕಾರರ ಓಣಿ. ಮೊದಲೆಲ್ಲ ಮಗ್ಗದ ಸದ್ದಿಗೆ ಮನೆಯೊಳಗಿನ ಮಾತು ಕೇಳಿಸುತ್ತಿರಲಿಲ್ಲ. ಈಗ ಮಗ್ಗಗಳು ಕಡಿಮೆಯಾಗಿ ಮಾತು ಚೆನ್ನಾಗಿ ಕೇಳಿಸುವಂತಾಗಿದೆ, ಆಡುವವಳು ಮಾತ್ರ ಮನೆಯಲ್ಲಿಲ್ಲ.

ಆರ್ ಎಂಬ ಒಂದೇ ಅಕ್ಷರದ ಹೆಸರಿನ ಕಂಪ್ಯೂಟರ್ ಭಾಷೆಯಿದೆ, ಅಂಕಿಅಂಶದ ಕೆಲಸಕ್ಕೆಂದೇ ಮಾಡಿದ್ದು. ಅದರಲ್ಲಿ ಸ್ವಿಚ್ ಎಂಬುದೊಂದು ಸವಲತ್ತು. ಇಂಥ ಹೆಸರಿಗೆ ಇಂಥ ಉತ್ತರ ಎಂದು ಬರೆದಿಟ್ಟರೆ, ಹೆಸರು ಕೇಳಿ ಉತ್ತರ ಕೊಡುತ್ತದೆ. ಮಕ್ಕಳಿಗೆ ತೋರಿಸಲು ವಾರದ ದಿನಗಳನ್ನೇ ತೆಗೆದುಕೊಂಡೆ. ದಿನದ ಹೆಸರು ಕೊಟ್ಟರೆ ಆ ದಿನದ ವಿಶೇಷ ಹೇಳಬೇಕು. ಸೋಮವಾರದಿಂದ ಶುಕ್ರವಾರದವರೆಗೆ ನನಗೇನು ವಿಶೇಷ, ಮಣ್ಣು! ಖಾನಾವಳಿ ಊಟ, ಮಡಚದ ಬಟ್ಟೆ. ದಿನದ ಹೆಸರಷ್ಟೇ ಬರೆದು ಉತ್ತರದ ಜಾಗ ಖಾಲಿ ಬಿಟ್ಟೆ. ಶನಿವಾರಕ್ಕೆ 'ಶೈಲಾ ಬರ್ತಾಳ' ಎಂದು ಬರೆದೆ. ರವಿವಾರ ಅವಳು ಹೋಗುವ ದಿನ. ಅದನ್ನು ಬರೆಯಲು ಕೈ ಬರಲಿಲ್ಲ, ಆ ದಿನದ ಹೆಸರನ್ನೇ ಬಿಟ್ಟುಬಿಟ್ಟೆ.

ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು 'ಸೋಮವಾರ' ಎಂದು ಟೈಪ್ ಮಾಡಿದಳು. ಕಂಪ್ಯೂಟರು 'ಶೈಲಾ ಬರ್ತಾಳ' ಎಂದಿತು. ಮಂಗಳವಾರಕ್ಕೂ ಅದೇ, ಬುಧವಾರಕ್ಕೂ ಅದೇ.

"ಸರ, ಇದು ದಿನಾ ಶೈಲಾ ಬರ್ತಾಳ ಅಂತೈತ್ರಿ. ಯಾರ್ರಿ ಶೈಲಾ?"

"ನಮ್ಮ ಮನ್ಯಾಕಿ ಹೆಸರವ್ವಾ ಅದು" ಎಂದೆ. ಕ್ಲಾಸು ಗೊಳ್ಳೆಂದಿತು.

ಆರ್‌ನಲ್ಲಿ ಖಾಲಿ ಬಿಟ್ಟರೆ ಉತ್ತರವಿಲ್ಲ ಎಂದರ್ಥವಲ್ಲ, ಮುಂದಿನದರ ಉತ್ತರವೇ ನನ್ನದೂ ಎಂದರ್ಥ. ನನ್ನ ಖಾಲಿ ದಿನಗಳೆಲ್ಲ ಉರುಳಿಕೊಂಡು ಹೋಗಿ ಶನಿವಾರದಲ್ಲಿ ನಿಂತಿದ್ದವು. ತಿದ್ದಬೇಕಿತ್ತು, ತಿದ್ದಲಿಲ್ಲ. ದಿನಾ ಸಂಜೆ ಮನೆಗೆ ಬಂದು ಆ ದಿನದ ಹೆಸರು ಕೊಟ್ಟು ಕೇಳುತ್ತಿದ್ದೆ, ಅದು ಶೈಲಾ ಬರ್ತಾಳ ಎನ್ನುತ್ತಿತ್ತು. ಅವಳಿಲ್ಲದೆ ನನಗೆ ಬೇಸರವಾಗುತ್ತಿತ್ತು, ಆ ಸುಳ್ಳು ಹಿತವಾಗಿತ್ತು.

ಶನಿವಾರ ಶೈಲಾ ಖರೆಯಾಗಿಯೂ ಬಂದಳು. ತೋರಿಸಿದೆ. ಬಿದ್ದು ಬಿದ್ದು ನಕ್ಕು, ತಾನೇ 'ರವಿವಾರ' ಎಂದು ಟೈಪ್ ಮಾಡಿದಳು. ಅದು ತುಟಿ ಪಿಟಕ್ಕೆನ್ನಲಿಲ್ಲ.

"ಇದಕ್ಕ ಯಾಕ್ರಿ ಬಾಯಿ ಬಿಡವಲ್ದು?"

"ಬರದಿಡದ ಹೆಸರು ಕೇಳಿದ್ರ ತಪ್ಪು ಅನ್ನೂದಿಲ್ಲ, ಸುಮ್ಮ ಕುಂಡ್ರತೈತಿ. ಕಡೀಕ ಹೆಸರಿಲ್ಲದ ಒಂದು ಉತ್ತರ ಇಟ್ರ, ಯಾವುದೂ ಹೊಂದದಾಗ ಅದನ್ನ ಹೇಳತೈತಿ."

"ಮತ್ತ ಇಡಬೇಕಿತ್ತಲ್ರಿ?"

"ಏನಂತ ಇಡ್ಲಿ?"

ಶೈಲಾ ನನ್ನ ಮುಖ ನೋಡಿದಳು. ನಗು ನಿಂತಿತ್ತು. "ಸರೀರಿ ಅತ್ತಾಗ" ಎಂದು ಕೀಬೋರ್ಡ್ ಎಳೆದುಕೊಂಡು ಏನೋ ಬರೆದಳು. "ಈಗ ನೋಡಬ್ಯಾಡ್ರಿ. ನಾ ಹ್ವಾದ ಮ್ಯಾಲೆ ನೋಡ್ರಿ."

ರವಿವಾರ ಸಂಜೆ ಅವಳನ್ನು ಬಸ್ಸು ಹತ್ತಿಸಿ ಬಂದು, ಚಪ್ಪಲಿಯನ್ನೂ ಬಿಡದೆ 'ರವಿವಾರ' ಎಂದು ಕೊಟ್ಟು ಕೇಳಿದೆ. 'ನನಗೂ ಅಲ್ಲಿ ಹೊತ್ತು ಹೋಗೂದಿಲ್ರಿ. ಉಂಡು ಮಲಕೋರಿ' ಎಂದಿತು.

ಸುಳ್ಳು ಮಾಹಿತಿ ತುಂಬಬೇಡಿರೆಂದು ಮಕ್ಕಳಿಗೆ ಹೇಳಿ ಹೇಳಿ ಬಾಯಿ ಸವೆಸಿಕೊಂಡವನು ನಾನು. ಮರುದಿನ ಸಂಜೆ, ಅಂದು ಸೋಮವಾರವೆಂದು ಚೆನ್ನಾಗಿ ಗೊತ್ತಿದ್ದೂ, 'ರವಿವಾರ' ಎಂದೇ ಟೈಪ್ ಮಾಡಿದೆ.