ಕಷ್ಟದ್ದೊಂದು, ಹಗುರದ್ದೊಂದು

ಹಾಸನದ ನಮ್ಮ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನ ವಿಷಯ ಆಯ್ಕೆ ಮಾಡಿಸುವ ಮೇಜಿಗೆ ಪ್ರತಿ ವರ್ಷ ನನ್ನನ್ನೇ ಕೂರಿಸುತ್ತಾರೆ, ಪ್ರತಿ ವರ್ಷವೂ ನನಗೆ ಇದೇ ಗತಿ. ಕಾನ್ವೆಂಟಿನಲ್ಲಿ ಓದಿದವಳು ನಾನು. ಸ್ಕೇಲಿಟ್ಟು ಗೆರೆ ಎಳೆದು ಪಟ್ಟಿ ಮಾಡಿಟ್ಟಿರುತ್ತೇನೆ: ಕಷ್ಟದ್ದು ಒಂದು, ಸಾಧಾರಣದ್ದು ಒಂದು, ಹಗುರದ್ದು ಒಂದು. ಆ ಪಟ್ಟಿಯನ್ನು ಈ ತನಕ ಒಬ್ಬರೂ ಪೂರ್ತಿ ಓದಿಲ್ಲ.

ಬಸ್ಸಿನ ಬಹುಮತ

ಹೊಳೆನರಸೀಪುರದಿಂದ ಮೂವರು ಹುಡುಗಿಯರು ಒಟ್ಟಿಗೆ ಬಂದರು. ಇಬ್ಬರಿಗೆ ಗಣಿತ ಇಷ್ಟ. ಮೂರನೆಯವಳು ಗಣಿತದಲ್ಲಿ ಪಾಸಾದದ್ದೇ ದೊಡ್ಡದು. "ಇವಳಿಗೆ ಸಸ್ಯಶಾಸ್ತ್ರ ಸರಿ," ಎಂದೆ.

"ಬ್ಯಾಡಿ ಮಿಸ್," ಎಂದರು ಜೊತೆಗೆ ಬಂದಿದ್ದ ಅವಳ ತಾಯಿ. "ಆ ಕ್ಲಾಸು ಬಿಡೋ ಟೈಮೇ ಬೇರೆಯಂತೆ. ಒಂಟಿ ಹುಡ್ಗಿ ಬಸ್ಸಲ್ಲಿ ಬರೋದುಂಟಾ? ಮೂವರಿಗೂ ಗಣಿತಾನೇ ಬರೀರಿ."

ಮೊದಲ ಟೆಸ್ಟಿನಲ್ಲಿ ಆ ಹುಡುಗಿ ಇಪ್ಪತ್ತಕ್ಕೆ ಮೂರು ತೆಗೆದಳು. ಏನಮ್ಮ ಇದು ಎಂದು ಕೇಳಿದೆ.

"ಬಸ್ಸಲ್ಲಿ ಸೀಟು ಸಿಗ್ತಾ ಇದೆ ಮಿಸ್," ಎಂದಳು.

ಖಾಲಿ ಕುರ್ಚಿ

ಚನ್ನರಾಯಪಟ್ಟಣದ ಹುಡುಗನೊಬ್ಬ ಪಟ್ಟಿಯನ್ನು ಮುಟ್ಟಲೂ ಇಲ್ಲ. "ಯಾವ ಸಬ್ಜೆಕ್ಟಿಗೆ ಇನ್ನೂ ಲೆಕ್ಚರರ್ ಬಂದಿಲ್ಲ ಮಿಸ್?"

ಅರ್ಥಶಾಸ್ತ್ರದ ಜಾಗ ಖಾಲಿ ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು.

"ಅದೇ ಬರ್ಕೊಳ್ಳಿ. ಲೋಡು ಬ್ಯಾಲೆನ್ಸ್ ಆಯ್ತದೆ."

"ಜೊತೆಗೆ ಐಚ್ಛಿಕ ಇಂಗ್ಲಿಷ್ ತಗೋ."

"ಅಯ್ಯೋ ಬ್ಯಾಡಿ. ಅದರ ಮಿಸ್ಸು ಜ್ವರ ಬಂದ್ರೂ ಕ್ಲಾಸ್ ಬಿಡಲ್ವಂತೆ."

ಆ ಮಿಸ್ಸು ನಾನೇ ಎಂದು ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಜ್ವರ ಬರುತ್ತಿತ್ತು.

ದುದ್ದದ ಗೌರಿ

ದುದ್ದದ ಹುಡುಗಿಗೆ ರಸಾಯನಶಾಸ್ತ್ರವೇ ಬೇಕು. ಜೊತೆಗೆ ಬಂದ ಅಜ್ಜಿ ಕೇಳಿದ್ದು ಒಂದೇ: "ಲ್ಯಾಬು ಎಷ್ಟೊತ್ತು ಗಂಟ?"

"ವಾರಕ್ಕೊಂದು ದಿನ, ಐದರವರೆಗೆ."

"ಸರಿ ಓಯ್ತು. ನಮ್ಮ ಗೌರಿ ಹಸುನ ನಾಲ್ಕೂವರೆಗೆ ಕರೀಬೇಕು. ಇವಳ ದನಿ ಕೇಳದಿದ್ರೆ ಅದು ಹಾಲು ಬಿಡಕ್ಕಿಲ್ಲ. ಡೇರಿಗೆ ಹಾಲು ಓಗದಿದ್ರೆ ಕಾಲೇಜೂ ಬ್ಯಾಡ. ಏಳವ್ವ."

ಹುಡುಗಿ ಏಳಲಿಲ್ಲ. ಲ್ಯಾಬಿನ ದಿನ ಫೋನಿನಲ್ಲಿ ಗೌರಿಯನ್ನು ಮಾತಾಡಿಸುತ್ತೇನೆ ಎಂದು ಅಳುತ್ತಲೇ ಹೇಳಿದಳು. "ಒಂದಿನ ಹಾಲು ತಪ್ಪಿದ್ರೂ ಕಾಲೇಜು ಬಿಡಿಸ್ಬುಡ್ತೀನಿ," ಎಂದು ಅಜ್ಜಿ ಒಪ್ಪಿದರು. ಕಾಲೇಜಿಗೆ ಫೋನು ತರಬಾರದೆಂದು ನಿಯಮ ಮಾಡಿಸಿದವಳು ನಾನು. ಅವಳ ಫೋನು ನನ್ನ ಮೇಜಿನ ಮೇಲಿರಲಿ, ನಾಲ್ಕೂವರೆಗೆ ಬಂದು ಮಾತಾಡಲಿ ಎಂದವಳೂ ನಾನೇ.

ಮೊದಲ ಲ್ಯಾಬಿನ ದಿನವೇ ಫೋನು ಬಡಿದುಕೊಂಡಿತು, ಹುಡುಗಿ ಬರಲಿಲ್ಲ. ಫೋನು ಎತ್ತಿಕೊಂಡು ಲ್ಯಾಬಿಗೆ ಓಡಿದೆ. ಬ್ಯೂರೆಟ್ಟಿನ ಗಾಜಿನ ಕೊಳವೆ ಹಿಡಿದು ಒಂದೊಂದೇ ಹನಿ ಬಿಡುತ್ತಿದ್ದಾಳೆ. ಕೈ ತೆಗೆದರೆ ಪ್ರಯೋಗ ಹಾಳು. ಫೋನಿನಲ್ಲಿ ಅಜ್ಜಿ, "ಬಕೀಟು ಒದ್ದಾಯ್ತು ಕಣವ್ವ, ಬೇಗ ಮಾತಾಡು!"

ಬೇರೆ ದಾರಿ ಕಾಣದೆ ನಾನೇ ಗಂಟಲು ಸರಿಮಾಡಿಕೊಂಡು, "ಗೌರಿ, ದಯವಿಟ್ಟು ಹಾಲು ಕೊಡು," ಎಂದೆ.

ಹಾಲಿನ ಸದ್ದು ಕೇಳಲಿಲ್ಲ. ಫೋನನ್ನು ಹುಡುಗಿಯ ಬಾಯಿಗೇ ಹಿಡಿದೆ. ಹನಿಯ ಮೇಲಿಂದ ಕಣ್ಣು ತೆಗೆಯದೆ ಅವಳು, "ಗೌರೀ, ಬಿಡು ನನ್ ಕಂದ," ಎಂದಳು. ಬಕೀಟಿನೊಳಗೆ ಹಾಲಿನ ಸದ್ದು ಶುರುವಾಯಿತು.

"ಬಿಡ್ತು ಕಣವ್ವ, ನೀನು ಓದ್ಕೋ," ಎಂದರು ಅಜ್ಜಿ. "ಆದ್ರೆ ಮೊದ್ಲು ಮಾತಾಡಿದ್ರಲ್ಲ ಆ ಮಿಸ್ಸು, ಅವ್ರ ಕೈಗೆ ಮಾತ್ರ ಫೋನು ಕೊಡಬ್ಯಾಡ. ಮಲಗಿದ್ದ ಎಮ್ಮೆ ಎಲ್ಡೂ ಎದ್ದು ನಿಂತ್ಬುಟ್ಟವೆ!"