ಲಾರಿಯ ಸ್ಟೇರಿಂಗು ನೆಟ್ಟಗಾದದ್ದು

ಮನೆಯಲ್ಲಿ ಯಾವುದಾದರೂ ವಸ್ತು ಸೊಟ್ಟಗಿದ್ದರೆ ಅದರೊಂದಿಗೆ ಬಾಳುವುದಕ್ಕೆ ಎರಡು ದಾರಿಗಳಿವೆ. ಒಂದು, ಅದನ್ನು ನೆಟ್ಟಗೆ ಮಾಡುವುದು. ಇನ್ನೊಂದು, ಅದರ ಕಡೆ ನೋಡದೇ ಇರುವುದು. ನಾನು ಮೊದಲಿನಿಂದಲೂ ಎರಡನೆಯ ದಾರಿಯವನು. ನಮ್ಮ ಪಡಸಾಲೆಯ ಗಡಿಯಾರ ಬಲಕ್ಕೆ ವಾಲಿ ಯಾವ ಕಾಲವಾಯಿತೋ ನನಗೆ ನೆನಪಿಲ್ಲ. ವೇಳೆ ಸರಿಯಾಗಿ ತೋರಿಸುತ್ತದಲ್ಲ, ಇನ್ನೇನು ಬೇಕು ಎಂದು ಸುಮ್ಮನಿದ್ದೇನೆ. ಆದರೆ ಲಾರಿಯ ಸ್ಟೇರಿಂಗಿನ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ. ಅದು ದಿನವಿಡೀ ಎದೆಯ ಮುಂದೆಯೇ ಇರುತ್ತದೆ. ಅದನ್ನು ಬಿಟ್ಟು ಬೇರೆ ಕಡೆ ನೋಡೋಣವೆಂದರೆ ಎರಡೂ ಕೈ ಅದರ ಮೇಲೆಯೇ ಇರುತ್ತವೆ.

ನಾನು ಪಾಲಬಾವಿಯವನು. ನನ್ನದು ಒಂದೇ ಲಾರಿ. ಅದಕ್ಕೆ ನಾನೇ ಮಾಲೀಕ, ನಾನೇ ಡ್ರೈವರು. ಹೀಗಾಗಿ ಬೈಯಬೇಕೆನ್ನಿಸಿದರೆ ನನಗೆ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ನಿಪ್ಪಾಣಿ, ಅಥಣಿ ಕಡೆ ಸಿಕ್ಕ ಬಾಡಿಗೆ ಹೊಡೆಯುತ್ತೇನೆ; ಕಬ್ಬಿನ ಹಂಗಾಮು ಬಂತೆಂದರೆ ಹೊಲದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಹೊಲಕ್ಕೆ. ಈ ಸಲ ದಸರೆ ಮುಗಿದು ಹಂಗಾಮು ಹತ್ತಿರ ಬಂದಾಗ ಗಾಡಿ ರಸ್ತೆಯ ತುಂಬ ಅಡ್ಡಾಡತೊಡಗಿತು. ಸ್ಟೇರಿಂಗ್ ಬಾಕ್ಸಿನಿಂದ ಮುಂದಿನ ಗಾಲಿಗೆ ಹೋಗುವ ಉದ್ದನೆಯ ರಾಡು, ಅದರ ತುದಿಯ ಜಾಯಿಂಟುಗಳು ಎಲ್ಲ ಸವೆದು ಹೋಗಿವೆ ಎಂದು ಚಿಕ್ಕೋಡಿಯ ದಸ್ತಗೀರ ಮಿಸ್ತ್ರಿ ಹೇಳಿದ. ಅವನು ನನ್ನ ಗಾಡಿಯ ಖಾಯಂ ವೈದ್ಯ. ಅವನು ಕೆಳಗೆ ಮಲಗಿ ಹೊಸ ಸಾಮಾನು ಕೂಡಿಸುತ್ತಿದ್ದಾಗ ನಾನು ಎದುರಿನ ಚಹಾದಂಗಡಿಯ ಬಾಕಿನ ಮೇಲೆ ತೂಕಡಿಸುತ್ತಿದ್ದೆ. ಕೆಲಸ ಮುಗಿಸಿ ನನ್ನನ್ನು ಎಬ್ಬಿಸಿ ಕೀಲಿ ಕೊಟ್ಟ. ಗಾಡಿಯ ಅಡ್ಡಾಟ ನಿಂತಿತ್ತು, ಅದನ್ನು ಒಪ್ಪಲೇಬೇಕು. ಆದರೆ ಸ್ಟೇರಿಂಗು ಬಲಕ್ಕೆ ತಿರುಗಿಕೊಂಡು ಕೂತಿತ್ತು. ಗಾಡಿ ನೆಟ್ಟಗೆ ರಾಯಬಾಗದ ಕಡೆ ಹೊರಟಿದೆ, ಸ್ಟೇರಿಂಗು ನೋಡಿದರೆ ಪಕ್ಕದ ಹೊಲಕ್ಕೆ ಇಳಿಯುವ ಮನಸ್ಸಿನಲ್ಲಿದೆ.

ಅದರ ಕಡೆ ನೋಡದೇ ಇರಲು ಪ್ರಯತ್ನಿಸಿದೆ. ಕಣ್ಣು ಒಪ್ಪಿದರೂ ಕೈ ಒಪ್ಪಲಿಲ್ಲ. ಎಡಗೈ ತಲೆಯ ಮಟ್ಟಕ್ಕೆ, ಬಲಗೈ ತೊಡೆಯ ಮೇಲೆ. ಊರು ಮುಟ್ಟುವಷ್ಟರಲ್ಲಿ ಎಡಭುಜ ಕಿವಿಯ ಹತ್ತಿರ ಬಂದು ಅಲ್ಲೇ ಉಳಿದುಬಿಟ್ಟಿತು. ನಾನು ಹಾಗೆಯೇ ಅಂಗಳದಲ್ಲಿ ಇಳಿದೆ. ನನ್ನ ಹೆಂಡತಿ ಶಾಂತವ್ವ ಎಮ್ಮೆ ಹಿಂಡುತ್ತಿದ್ದಳು. ಸ್ಟೇರಿಂಗು ಸೊಟ್ಟಗಾಗಿದೆ ಎಂದೆ. ಅವಳು ಕೂತಲ್ಲಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸ್ಟೇರಿಂಗ ಸೊಟ್ಟ ಆಗಿಲ್ಲರಿ. ನೀವು ಆಗೀರಿ."

ಇದು ಇವತ್ತಿನ ಮಾತಲ್ಲ. ತೆಲಸಂಗದಲ್ಲಿ ಅವಳ ಅಕ್ಕನ ಮಗ ಮಲ್ಲಪ್ಪ ಇದ್ದಾನೆ. ದೊಡ್ಡ ಗಾಡಿಯ ಲೈಸೆನ್ಸ್ ಇದೆ, ಹೊಡೆಯಲು ಗಾಡಿಯಿಲ್ಲ. ಈ ಹಂಗಾಮಿಗೆ ಅವನನ್ನು ಕೂರಿಸೋಣ, ನಿಮಗಿನ್ನು ಸಾಕು ಎಂದು ಶ್ರಾವಣದಿಂದ ಹೇಳುತ್ತಲೇ ಇದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಕೈಗಳಿಗೆ ಗಟ್ಟಿ ಚರ್ಮ ಬಂದಿರುವುದೇ ಆ ಸ್ಟೇರಿಂಗಿನಿಂದ, ಈಗ ಮಲ್ಲಪ್ಪನ ಕೈಗೆ ಕೀಲಿ ಕೊಟ್ಟು ನಾನು ಎಮ್ಮೆಗೆ ಮೇವು ಹಾಕುತ್ತ ಕೂರಬೇಕೆ? ತಪ್ಪು ಗಾಡಿಯದು, ನನ್ನ ಮೈಯಲ್ಲಿ ಯಾವ ದೋಷವೂ ಇಲ್ಲ, ಬೇಕಾದರೆ ಸಾಬೀತು ಮಾಡಿ ತೋರಿಸುತ್ತೇನೆ ಎಂದು ಹಾರಾಡಿದೆ. ಅವಳು ಶಾಂತವಾಗಿ ಒಪ್ಪಿದಳು. ಕಬ್ಬಿನ ಮೊದಲ ಹೇರು ಹೋಗುವುದರೊಳಗೆ ತೀರ್ಮಾನವಾಗಬೇಕು. ತಪ್ಪು ಗಾಡಿಯದಾದರೆ ಸೀಟು ನನ್ನದು, ನನ್ನದಾದರೆ ಮಲ್ಲಪ್ಪನದು.

ಮರುದಿನವೇ ಚಿಕ್ಕೋಡಿಗೆ ಹೋದೆ. ಇದೇನು ದೊಡ್ಡ ಕೆಲಸ ಎಂದು ದಸ್ತಗೀರ ಸ್ಟೇರಿಂಗಿನ ನಡುವಿನ ನಟ್ಟು ಬಿಚ್ಚಿ, ಚಕ್ರವನ್ನೇ ಕಿತ್ತು, ನೆಟ್ಟಗೆ ತಿರುಗಿಸಿ ಮತ್ತೆ ಹಲ್ಲಿಗೆ ಕೂಡಿಸಿದ. ನಾನು ಬಾಕಿನ ಮೇಲಿಂದ ಏಳುವುದರೊಳಗೆ ಮುಗಿದಿತ್ತು. ವಾಪಸು ಬರುವಾಗ ನನ್ನ ಠೀವಿಯೇ ಬೇರೆ. ಎದುರು ಬಂದ ಗಾಡಿಗಳಿಗೆಲ್ಲ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

ಆ ಠೀವಿ ಹೊಲದ ಬದುವಿನಲ್ಲಿ ಇಳಿದುಹೋಯಿತು. ಕಬ್ಬು ಕಡಿಯುವ ಗ್ಯಾಂಗಿನವರ ಸಾಮಾನು ಇಳಿಸಿ ಗಾಡಿ ತಿರುಗಿಸಲು ಹೋದರೆ ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ಅರ್ಧದಲ್ಲೇ ನಿಲ್ಲುತ್ತದೆ. ಹಿಂದೆ ಹೋದೆ, ಮುಂದೆ ಬಂದೆ, ಮತ್ತೆ ಹಿಂದೆ ಹೋದೆ. ಗ್ಯಾಂಗಿನವರು ಅಡುಗೆ ಬಿಟ್ಟು ಎದ್ದು ಬಂದು ಕೆಲವರು ಮರಾಠಿಯಲ್ಲಿ, ಕೆಲವರು ಕನ್ನಡದಲ್ಲಿ ನನಗೆ ಗಾಡಿ ಹೊಡೆಯುವುದನ್ನು ಕಲಿಸಿದರು. ಕೊನೆಗೆ ಹಿಮ್ಮುಖವಾಗಿಯೇ ಡಾಂಬರು ರಸ್ತೆಯವರೆಗೆ ಬಂದೆ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಶಾಂತವ್ವ ನಾಳೆ ತಾನೂ ಚಿಕ್ಕೋಡಿಗೆ ಬರುತ್ತೇನೆ ಎಂದಳು, ಅಷ್ಟೇ. ನನಗೆ ಊಟ ಸೇರಲಿಲ್ಲ.

ದಸ್ತಗೀರನಿಗೂ ಬೇಸರ ಬಂದಿತ್ತು. ಚಕ್ರವನ್ನು ಕಿತ್ತು ಮೊದಲಿನ ಹಲ್ಲಿಗೇ ಹಾಕಿದ. ಮೇಲೆ ಕೂತು ಅದನ್ನು ಬಲಕ್ಕೆ ತಿರುಗಿಸಿ, ಅದರ ಅಂಚಿನಲ್ಲಿದ್ದ ಒಂದು ಕೆಂಪು ಗುರುತನ್ನು ಎದುರಿನ ಡ್ಯಾಶ್‌ಬೋರ್ಡಿನ ಮೇಲಿದ್ದ ಇನ್ನೊಂದು ಕೆಂಪು ಗುರುತಿಗೆ ತಂದು ನಿಲ್ಲಿಸಿದ. ಕೆಳಗೆ ಗಾಲಿ ನೆಟ್ಟಗಿದ್ದವು. "ನೋಡ್ರಿ ಅಣ್ಣಾರ, ಗುರುತಿಗೆ ಗುರುತು ಕೂಡೇತಿ. ಇನ್ನೇನ ಮಾಡ್ಲಿ ನಾ?" ಎಂದ. ಗಾಡಿಯ ಬಾಗಿಲಲ್ಲಿ ನಿಂತಿದ್ದ ಶಾಂತವ್ವ ಅದೇನು ಗುರುತು ಎಂದು ಕೇಳಿದಳು. ಅವನು ಸಮಾಧಾನದಿಂದಲೇ ತಿಳಿಸಿದ. ಬಿಚ್ಚುವ ಮೊದಲು ಮಿಸ್ತ್ರಿಗಳು ಹೀಗೆ ಬಣ್ಣ ಹಚ್ಚಿಟ್ಟುಕೊಳ್ಳುತ್ತಾರೆ, ಆಮೇಲೆ ಅದೇ ಜಾಗಕ್ಕೆ ತಂದು ಬಿಗಿಯುತ್ತಾರೆ. ಹಿಂದೆ ಯಾರೋ ಒಳ್ಳೆಯ ಮಿಸ್ತ್ರಿ ಹಚ್ಚಿದ್ದಾನೆ, ತಾನು ಅದನ್ನೇ ಹಿಡಿದು ರಾಡಿನ ಅಳತೆ ಬಿಗಿದಿದ್ದೇನೆ.

"ಅದು ಮಿಸ್ತ್ರಿದಲ್ಲೋ ಯಪ್ಪಾ. ಖಂಡೇ ಪೂಜಿಗೆ ನಾ ಹಚ್ಚಿದ ಕುಂಕಮ."

ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರಿಂದ ಬಣ್ಣದ ಹಾಗೆ ಗಟ್ಟಿಯಾಗಿ ಹಿಡಿದಿತ್ತು. ದಸರೆಯ ಆ ಆಯುಧಪೂಜೆಯ ದಿನ ಗಾಡಿ ಅಂಗಳದಲ್ಲಿ, ಸ್ಟೇರಿಂಗು ಬಲಕ್ಕೆ ತಿರುಗಿಸಿದ ಹಾಗೆಯೇ, ಕೊಟ್ಟಿಗೆಯ ಕಡೆ ಹೊರಳಿ ನಿಂತಿತ್ತು. ಅವಳು ಬಾಗಿಲಲ್ಲಿ ನಿಂತು ಕೈ ನಿಲುಕಿದಲ್ಲಿ ಸ್ಟೇರಿಂಗಿಗೊಂದು ಬೊಟ್ಟಿಟ್ಟು, ಬೆರಳಲ್ಲಿ ಉಳಿದದ್ದನ್ನು ಅದರೆದುರು ಡ್ಯಾಶ್‌ಬೋರ್ಡಿಗೆ ಒತ್ತಿದ್ದಳು. ಬೊಟ್ಟಿಗೆ ಬೊಟ್ಟು ಕೂಡಿತೆಂದರೆ ಗಾಡಿ ಎಮ್ಮೆಯ ಗೋದಲಿಗೆ ತಿರುಗಿದೆ ಎಂದರ್ಥ. ಅದನ್ನೇ ನಡುಮಧ್ಯವೆಂದು ನಂಬಿ ದಸ್ತಗೀರ ರಾಡು ಬಿಗಿದು ನನ್ನನ್ನು ಊರೂರು ತಿರುಗಿಸಿದ್ದ; ಬಲದ ತಿರುವಿನಲ್ಲಿ ಅರ್ಧ ಅಲ್ಲೇ ಖರ್ಚಾಗಿತ್ತು. ಅವನು ಬೊಟ್ಟನ್ನೊಮ್ಮೆ, ಶಾಂತವ್ವನನ್ನೊಮ್ಮೆ ನೋಡಿ, ಹಣೆ ಚಚ್ಚಿಕೊಂಡು ನಗತೊಡಗಿದ. ಶಾಂತವ್ವನೂ ಸೆರಗು ಬಾಯಿಗೆ ಹಿಡಿದಳು. ನಾನೊಬ್ಬನೇ ನಗಲಿಲ್ಲ; ಭುಜ ನೋಯುತ್ತಿತ್ತು.

ಆಮೇಲೆ ಅವನು ಮಾಡಿದ್ದು ಸರಿಯಾದ ಕೆಲಸ. ರಾಡಿನ ಒಂದು ತುದಿ ಬಿಚ್ಚಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಎಣಿಸಿ, ಸರಿಯಾಗಿ ನಡುವಿಗೆ ತಂದು ನಿಲ್ಲಿಸಿದ. ಗಾಲಿಗಳನ್ನು ನೆಟ್ಟಗಿಟ್ಟು, ನಡುವಿನ ಅಂತರಕ್ಕೆ ತಕ್ಕಂತೆ ರಾಡನ್ನು ಉದ್ದ ಮಾಡಿ ಬಿಗಿದ. ಕುಂಕುಮವನ್ನು ಮಾತ್ರ ಅವನೂ ಒರೆಸಲಿಲ್ಲ, ಅವಳೂ ಒರೆಸಲಿಲ್ಲ.

ವಾಪಸು ಬರುವಾಗ ನಾನು ಎರಡು ಬೆರಳಲ್ಲಿ ಗಾಡಿ ಹೊಡೆದೆ. ಬಲಕ್ಕೆ ಹೊರಳುತ್ತದೆ, ಎಡಕ್ಕೆ ಹೊರಳುತ್ತದೆ, ಬಿಟ್ಟರೆ ನೆಟ್ಟಗೆ ಬಂದು ನಿಲ್ಲುತ್ತದೆ. ಶಾಂತವ್ವ ಬಹಳ ಹೊತ್ತು ನೋಡಿ, ತಪ್ಪು ನನ್ನದಲ್ಲವೆಂದು ಒಪ್ಪಿಕೊಂಡಳು. ಮದುವೆಯಾದಾಗಿನಿಂದ ಕೇಳದ ಮಾತು ಅದು. ನಾನು ಎದೆಯುಬ್ಬಿಸಿ ಕೂತೆ. ಅವಳು ಚೀಲದಿಂದ ಫೋನು ತೆಗೆದು ತೆಲಸಂಗಕ್ಕೆ ಹಚ್ಚಿದಳು.

"ಬರಬ್ಯಾಡಪಾ ಮಲ್ಲಪ್ಪ. ನಿಮ್ಮ ಕಾಕಾ ಇನ್ನೂ ಗಟ್ಟಿ ಅದಾರ. ಈ ಹಂಗಾಮಿಗೂ ಅವರ ಹೊಡೀತಾರ."

ಹಂಗಾಮು ಎಂಬ ಶಬ್ದ ಆಗ ಮೊದಲ ಸಲ ನನ್ನ ಕಿವಿಯೊಳಗೆ ಇಳಿಯಿತು. ಕಾರ್ಖಾನೆಯ ಮುಂದಿನ ಗಾಡಿಗಳ ಸಾಲು, ಆ ಸಾಲಿನಲ್ಲಿ ಸೀಟಿನ ಮೇಲೆ ಮುದುಡಿ ಮಾಡುವ ನಿದ್ದೆ, ಧೂಳು, ತಣ್ಣಗಾದ ರೊಟ್ಟಿ, ಕ್ಲಚ್ಚು ತುಳಿದು ತುಳಿದು ಊದುವ ಮೊಣಕಾಲು, ಎಲ್ಲ ಸಾಲಾಗಿ ಕಣ್ಣೆದುರು ನಿಂತವು. ಇಷ್ಟು ದಿನ ಸೀಟು ಉಳಿಸಿಕೊಳ್ಳುವ ಗದ್ದಲದಲ್ಲಿ ಆ ಸೀಟಿನಲ್ಲಿ ಕೂರಬೇಕಾಗುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ನಿಜ ಹೇಳುತ್ತೇನೆ, ನನಗೆ ಅಳು ಬರುವಷ್ಟು ದಣಿವಾಯಿತು. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು. ನಾನು ಮೆಲ್ಲಗೆ, ನಡು ಸ್ವಲ್ಪ ನೋಯುತ್ತಿದೆ ಎಂದೆ.

"ಸ್ಟೇರಿಂಗ ಸೊಟ್ಟ ಇತ್ತಲ್ಲರಿ, ಅದಕ್ಕ" ಎಂದಳು ಶಾಂತವ್ವ, ಫೋನನ್ನು ಚೀಲಕ್ಕೆ ಹಾಕುತ್ತ. "ಇನ್ನ ಆರಾಮ ಆಕೈತಿ."