ಮೈನಸ್ ಹತ್ತರ ಚೀಲ

ಶಹಾಪುರದ ಹೈಸ್ಕೂಲೊಂದರ ವಿಜ್ಞಾನ ಮಾಸ್ತರ ಜಗದೇವಪ್ಪನಿಗೆ ಆ ಭಾನುವಾರ ಮುಂಜಾನೆ ಬಂದ ಪಾರ್ಸಲ್ಲು ಒಂದು ಕುಂಬಳಕಾಯಿಯಷ್ಟಿತ್ತು. ಅದರೊಳಗೆ ಅವನ ಮಾನವಿತ್ತು.

ಮಾನ ಹೋದದ್ದು ಹೋದ ವರ್ಷದ ಮಳೆಗಾಲದಲ್ಲಿ. ನಾರಾಯಣಪುರದ ಹಿನ್ನೀರಿನ ದಂಡೆಯ ಮೇಲೆ ಮಕ್ಕಳ ನಿಸರ್ಗ ಶಿಬಿರ ಹೂಡಿದ್ದಾಗ ಜಿಟಿಜಿಟಿ ಮಳೆಗೆ ಅವನ ಹಾಸಿಗೆ, ಹೊದಿಕೆ ಎಲ್ಲ ತೊಯ್ದು ತೊಪ್ಪೆಯಾದವು. ಮರುದಿನ ಜ್ವರ ಏರಿತು. ನಲವತ್ತು ಮಕ್ಕಳನ್ನು ಕನ್ನಡ ಮಾಸ್ತರ ಶ್ರೀಮಂತನಿಗೆ ಒಪ್ಪಿಸಿ ಬಸ್ಸು ಹಿಡಿದು ವಾಪಸು ಬಂದಿದ್ದ. ಅಂದಿನಿಂದ ಶಾಲೆಯಲ್ಲಿ ಅವನ ಹೆಸರು ‘ತೊಯ್ದ ಸರ್’. ಆಮ್ಲ, ಪ್ರತ್ಯಾಮ್ಲ ಎನ್ನುತ್ತ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಯಾರೋ ಬೇಕೆಂದೇ ನಡುಗುತ್ತಿದ್ದರು. ಮೇಲೆ ನಕ್ಕರೂ ಅವನಿಗೆ ಒಳಗೆ ಬಹಳ ನೋಯುತ್ತಿತ್ತು.

ಈ ವರ್ಷದ ಶಿಬಿರ ನಾಳೆಯೇ ಹೊರಡುವುದಿತ್ತು. ಮುಖ್ಯೋಪಾಧ್ಯಾಯಿನಿ ಸುಮಂಗಲಾ ಮೇಡಮ್ಮು ಶನಿವಾರವೇ ಕಡ್ಡಿ ಮುರಿದಂತೆ ಹೇಳಿದ್ದರು:

“ನೋಡ್ರಿ ಮಾಸ್ತರ್ರ, ಮಳಿಯಾಗ ಮಲಗಿ ಒಣಾ ಮೈಲೆ ಏಳೋರೇ ಈ ಸಲ ಕ್ಯಾಂಪಿನ ಲೀಡರ್. ನಾಳಿ ಮಧ್ಯಾಹ್ನ ನಿಮ್ಮ ಮನಿಗಿ ಬಂದು ನಾನೇ ಪರೀಕ್ಷಾ ಮಾಡ್ತೀನಿ. ಇಲ್ಲಂದ್ರ ಶ್ರೀಮಂತ ಮಾಸ್ತರ್ ಹೋಗ್ತಾರ.”

“ಬರ್ರಿ ಮೇಡಮ್ಮರ. ಬೇಕಂದ್ರ ನಾಕು ಮಂದಿ ಸಾಕ್ಷಿ ಕರ್ಕೊಂಡು ಬರ್ರಿ,” ಎಂದಿದ್ದ ಜಗದೇವಪ್ಪ.

ಧೈರ್ಯಕ್ಕೆ ಕಾರಣವಿತ್ತು. ಇಪ್ಪತ್ತು ದಿನ ಮೊಬೈಲು ಹಿಡಿದು ಅವನು ಒಳಹೊಕ್ಕು ಮಲಗುವ ಸ್ಲೀಪಿಂಗ್ ಬ್ಯಾಗುಗಳ ಬಗ್ಗೆ ಬಿ.ಎಡ್.ಗೂ ಓದದಷ್ಟು ಓದಿದ್ದ. ಬರೀ ತುಪ್ಪುಳ ತುಂಬಿದ ಚೀಲ ಬೆಚ್ಚಗೇನೋ ಇರುತ್ತದೆ, ಆದರೆ ಒಮ್ಮೆ ತೊಯ್ದರೆ ಗಂಟುಗಟ್ಟಿ ಕೂರುತ್ತದೆ. ಪಾಲಿಯೆಸ್ಟರ್ ತುಂಬಿದ್ದು ತೊಯ್ದರೂ ನಡೆದೀತು, ಆದರೆ ಹೊರುವವರ ಬೆನ್ನು ಮುರಿಯುತ್ತದೆ. ಅವನು ಆರಿಸಿದ್ದು ನೀರು ಹಿಡಿಯದಂತೆ ಹದ ಮಾಡಿದ ಬಾತುಕೋಳಿ ತುಪ್ಪುಳದ್ದು. ಮೇಲೆ ನೀರು ಜಾರುವ ಬಟ್ಟೆ, ಜಿಪ್ಪಿಗೂ ಒಂದು ಮುಚ್ಚುಪಟ್ಟಿ. ಅದರಲ್ಲಿ ಐದು ಡಿಗ್ರಿ ಚಳಿಯದು, ಸೊನ್ನೆ ಡಿಗ್ರಿಯದು, ಮೈನಸ್ ಹತ್ತರದು ಎಂದು ಮೂರು ಬಗೆ. ಕೊಂಡರೆ ಎಲ್ಲಕ್ಕಿಂತ ಮೇಲಿನದನ್ನೇ ಕೊಳ್ಳಬೇಕು ಎನ್ನುವ ಜಾಯಮಾನದವನಾದ್ದರಿಂದ ಮೈನಸ್ ಹತ್ತರದನ್ನೇ ತರಿಸಿದ.

ಪಾರ್ಸಲ್ಲು ಬಿಚ್ಚಿದ್ದೇ ತಡ, ಚೀಲ ಉಸಿರೆಳೆದುಕೊಂಡಂತೆ ಉಬ್ಬಿ ಪಡಸಾಲೆಯ ಅರ್ಧ ಜಾಗ ಹಿಡಿಯಿತು. ತಾಯಿ ಗೊಲ್ಲಾಳಮ್ಮ ಪೂಜೆ ಬಿಟ್ಟು ಎದ್ದು ಬಂದಳು.

“ಏನೋ ತಮ್ಮಾ ಇದು? ಒಳಗ ಅರಳಿ ತುಂಬ್ಯಾರೇನು?”

“ಅರಳಿ ಅಲ್ಲಬೇ ಯವ್ವಾ, ಬಾತುಕೋಳಿ ತುಪ್ಪುಳ. ನೀರು ಸುರುವಿದ್ರೂ ತೊಯ್ಯಂಗಿಲ್ಲ.”

ಗೊಲ್ಲಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಕೊಳ್ಳಾಗ ಲಿಂಗ ಕಟ್ಕೊಂಡು ಕೋಳಿ ತುಪ್ಪುಳದಾಗ ಮಲಗ್ತೀಯೇನು? ಮದ್ಲ ಎತ್ತು ಅದನ್ನ, ಒಳಗ ದೇವರ ಜಗಲಿ ಅದ!”

“ಕೋಳಿ ಅಲ್ಲಬೇ, ಬಾತುಕೋಳಿ.”

“ಬಾತುಕೋಳಿ ಅಂದ್ರೇನು ಕಾಯಿಪಲ್ಯಾ?”

ವಿಜ್ಞಾನ ಮಾಸ್ತರ ಎರಡೂ ಕೈಯಿಂದ ಬಾಚಿ ಎತ್ತಿದ. ಚೀಲ ಅಂಗಳಕ್ಕೆ ಬಂತು.

ಅಂಗಳಕ್ಕೆ ಬಂದದ್ದು ಓಣಿಗೆ ಬಂದ ಹಾಗೆಯೇ. ಎದುರಿನ ಗಾದಿ ಅಂಗಡಿಯ ಗಯಾಸ ದಾಟಿ ಬಂದ. ಮೂರು ತಲೆಮಾರಿನಿಂದ ಅರಳೆ ಹಿಂಜಿ ಹಾಸಿಗೆ ಹೊಲಿಯುವ ಮನೆತನ. ಚೀಲವನ್ನು ಎರಡು ಬೆರಳಲ್ಲಿ ಹಿಚುಕಿ ಮುಖ ಸಿಂಡರಿಸಿದ.

“ಮಾಸ್ತರ್ರ, ಇದರಾಗ ಮಾಲೇ ಇಲ್ಲ, ಬರೀ ಹವಾ! ಒಂದು ಮಾತು ಹೇಳಿದ್ರ ಎಂಟು ಕಿಲೋ ಅರಳಿ ತುಂಬಿ ಬರೋಬ್ಬರಿ ಗಾದಿ ಮಾಡಿ ಕೊಡ್ತಿದ್ದೆ.”

“ಎಂಟು ಕಿಲೋ ಯಾರು ಹೊರಬೇಕು ಗಯಾಸಭಾಯಿ?”

“ಗಾದಿ ಯಾಕ ಹೊರ್ತೀರಿ? ಗಾದಿ ಇದ್ದಲ್ಲಿ ಮನುಷ್ಯಾ ಬರಬೇಕು!”

ಹನ್ನೆರಡಕ್ಕೆ ಸರಿಯಾಗಿ ಸುಮಂಗಲಾ ಮೇಡಮ್ಮು ಬಂದರು. ಹಿಂದೆ ತೊಗರಿ ಕಟ್ಟಿಗೆಯಂತೆ ಸಣಕಲಾದ ಶ್ರೀಮಂತ. ಮಳೆ ಸುರಿಯಬೇಕಾದ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ, ಬಿಸಿಲು ಹಂಚು ಕಾಸುತ್ತಿತ್ತು.

“ಮಳೀನೇ ಇಲ್ಲಲ್ಲ?” ಎಂದರು ಮೇಡಮ್ಮು.

“ಬೋರ್ ಅದಲ್ರಿ!” ಗಯಾಸ ಓಡಿಹೋಗಿ ತನ್ನ ಬೋರಿನ ಪೈಪು ಎಳೆದು ತಂದ.

ಜಗದೇವಪ್ಪ ಬನಿಯನ್ನು, ಲುಂಗಿಯಲ್ಲೇ ಚೀಲದೊಳಗೆ ಇಳಿದ. ಜಿಪ್ಪು ಎಳೆದು, ಅದರ ಟೊಪ್ಪಿಗೆ ಬಿಗಿದು, ಮೂಗೊಂದನ್ನು ಹೊರಗಿಟ್ಟ. ಒಂದು ತಾಸಿನ ಪರೀಕ್ಷೆ. ಗಯಾಸ ತೋಟಕ್ಕೆ ಬಿಟ್ಟಂತೆ ನೀರು ಬಿಟ್ಟ. ನೀರು ಕೆಸವಿನ ಎಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ಜಾರಿಹೋಯಿತು.

“ಹೆಂಗದ ಮಾಸ್ತರ್ರ?”

“ಪಕ್ಕಾ ಒಣಾ ಅದ್ರಿ ಮೇಡಮ್ಮರ!”

ಹತ್ತು ನಿಮಿಷ ಅವನು ರಾಜನಂತೆ ಮಲಗಿದ. ಆಮೇಲೆ ಬೆನ್ನಿನ ಮೇಲೆ ಏನೋ ಹರಿದಂತಾಯಿತು. ಸೋರಿತೇ? ಕೈಯಾಡಿಸಿ ನೋಡಿದ. ಚೀಲದ ತಪ್ಪಲ್ಲ, ನೀರು ಅವನಿಂದಲೇ ಹೊರಡುತ್ತಿತ್ತು. ಹಿಮದ ಗುಡ್ಡಕ್ಕೆ ಹೊಲಿದ ಚೀಲ ಶಹಾಪುರದ ಬಿಸಿಲಿನಲ್ಲಿ ಅವನನ್ನು ಇಡ್ಲಿಯ ಹಾಗೆ ಬೇಯಿಸುತ್ತಿತ್ತು. ಈಗ ಎದ್ದರೆ ಸೋತಂತೆ. ಹಿಂದಿನ ಬೆಂಚನ್ನು ನೆನೆಸಿಕೊಂಡು ಹಲ್ಲು ಕಚ್ಚಿ ಮಲಗಿಯೇ ಇದ್ದ.

ತಾಸು ಮುಗಿಯಿತು. ಜಿಪ್ಪು ಬಿಚ್ಚಿ ಎದ್ದು ನಿಂತವನ ಮೊಣಕೈಯಿಂದ, ಗದ್ದದಿಂದ, ಲುಂಗಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸೋರ್ಯದಲ್ರಿ ಮಾಸ್ತರ್ರ,” ಎಂದರು ಮೇಡಮ್ಮು, ಮರುಕದಿಂದಲೇ.

“ಸೋರಿಲ್ರಿ! ಇದು ಬೆವರು! ಬೆವರಾದ್ರ ಉಪ್ಪಿರ್ತದ. ಗಯಾಸಭಾಯಿ, ನಾಲಿಗಿಗಿ ಹಚ್ಚಿ ನೋಡು!”

“ತೌಬಾ!” ಎಂದ ಗಯಾಸ. ಆದರೂ ನೆರೆಹೊರೆಯ ಋಣಕ್ಕೆ ಬನಿಯನ್ನಿನ ಮೇಲೆ ಬೆರಳೊತ್ತಿ, ಕಣ್ಣು ಮುಚ್ಚಿ ನೆಕ್ಕಿದ. “ಉಪ್ಪದ! ಖರೇನ ಉಪ್ಪದ!”

“ನೋಡಿದ್ರ್ಯಾ!” ಜಗದೇವಪ್ಪ ಕುಣಿದ.

ಶ್ರೀಮಂತ ಮೆಲ್ಲಗೆ ಕೆಮ್ಮಿದ. “ಈ ಬೋರಿನ ನೀರೂ ಉಪ್ಪಲ್ಲೇನ್ರಿ? ಇದರಾಗ ಬ್ಯಾಳಿ ಸುದ್ದಾ ಬೇಯಂಗಿಲ್ಲ.”

ಗಯಾಸ ಪೈಪಿನ ನೀರನ್ನೂ ನೆಕ್ಕಿ ತಲೆದೂಗಿದ. “ಎರಡೂ ಒಂದೇ ರುಚಿ ಅವ ನೋಡ್ರಿ.”

ಜಗದೇವಪ್ಪ ಸೋಲಲಿಲ್ಲ. “ಕತ್ರಿ ತಾ! ಹೊಲಿಗಿ ಬಿಚ್ಚು. ಒಳಗಿನ ತುಪ್ಪುಳಾನೇ ಸಾಕ್ಷಿ ಹೇಳ್ಲಿ!”

ಗಯಾಸ ಕಾಲ ಕಡೆಯ ಹೊಲಿಗೆ ನಾಲ್ಕು ಬೆರಳು ಬಿಚ್ಚಿ ಒಂದು ಚಿಟಿಕೆ ಹೊರತೆಗೆದ. ತುಪ್ಪುಳ ಹೂವಿನಂತೆ ಅರಳಿ, ಗಾಳಿಗೆ ಹಾರಿ, ಗೊಲ್ಲಾಳಮ್ಮನ ಸೆರಗಿನ ಮೇಲೆ ಕೂತಿತು. ಆಕೆ “ಶಿವಶಿವಾ!” ಎನ್ನುತ್ತ ಬಚ್ಚಲಿಗೆ ಓಡಿದಳು. ಗಯಾಸ ಮಾತ್ರ ಕಣ್ಣರಳಿಸಿ ನಿಂತಿದ್ದ.

“ಒಂದು ಹನಿ ನೀರಿಲ್ರಿ ಮೇಡಮ್ಮರ. ನಮ್ಮ ಅಜ್ಜನ ಕಾಲದಾಗೂ ಇಂಥ ಮಾಲು ನೋಡಿಲ್ಲ.”

ಮೇಡಮ್ಮು ತಾವೇ ಕೈಹಾಕಿ ಮುಟ್ಟಿ ನೋಡಿದರು. “ಒಪ್ಪಿದೆ ಮಾಸ್ತರ್ರ. ಚೀಲ ಆರಿಸೋದ್ರಾಗ ನಿಮ್ಮನ್ನ ಮೀರಿಸೋರಿಲ್ಲ. ಹನಿ ಸೈತ ಸೋರಿಲ್ಲ.”

ಜಗದೇವಪ್ಪನ ಎದೆ ಚೀಲಕ್ಕಿಂತ ಹೆಚ್ಚು ಉಬ್ಬಿತು. “ಹಂಗಾದ್ರ ನಾಳಿ ಎಷ್ಟು ಗಂಟೇಕ ಹೊರಡಬೇಕ್ರಿ?”

“ಚೀಲ ಆರು ಗಂಟೇಕ ಹೊರಡ್ತದ,” ಎಂದರು ಮೇಡಮ್ಮು. “ನಾನು ಅಂದಿದ್ದು ಒಣಾ ಮೈಲೆ ಏಳೋರಂತ. ಚೀಲ ಸೋರಿಲ್ಲ, ಸೋರಿದ್ದು ನೀವು. ಅದನ್ನ ಶ್ರೀಮಂತ ಮಾಸ್ತರ್ರಿಗಿ ಕೊಡ್ರಿ. ಬೆವರಾಕ ಅವರ ಮೈಯಾಗ ಏನೂ ಇಲ್ಲ.”

ಗಯಾಸ ಹೊಲಿಗೆ ಹಾಕಿಕೊಟ್ಟ. ಶ್ರೀಮಂತ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಸಂಕೋಚದಿಂದ ಜಗದೇವಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

“ಸರ್, ಇದರಾಗ ತಲಿ ಯಾವ ಕಡೆ ಹಾಕಬೇಕ್ರಿ?”